ಬಣ್ಣಕ್ಕೆ ಸಾವಿರಗಟ್ಟಲೆ ಸುರಿದು ರೋಲರ್‌ನಲ್ಲಿ ಉಳಿಸಬೇಡಿ

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಕ್ಯಾತ್ಸಂದ್ರದ ನಮ್ಮನೆ ಹಾಲ್‌ಗೆ ನಾನು, ನನ್ನ ತಮ್ಮ ಸೇರಿ ಬಣ್ಣ ಹೊಡೆದೆವು. ಎಮಲ್ಷನ್ ಒಳ್ಳೇದೇ ತಂದಿದ್ದೆವು. ರೋಲರ್ ಮಾತ್ರ ಅಂಗಡಿಯಲ್ಲಿದ್ದ ಅತಿ ಅಗ್ಗದ್ದು. ಮೊದಲ ಕೋಟ್ ಮುಗಿಸಿ ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ನೋಡಿದರೆ ಗೋಡೆ ತುಂಬ ಕೂದಲು! ರೋಲರ್‌ನ ನೂಲು ಉದುರಿ ಬಣ್ಣದ ಜೊತೆ ಅಂಟಿ ಒಣಗಿಬಿಟ್ಟಿತ್ತು. ಉಗುರಲ್ಲಿ ಕೀಳೋಕೆ ಹೋದರೆ ಬಣ್ಣವೂ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಮರುದಿನ ಪೂರ್ತಿ ಎಮರಿ ಪೇಪರ್ ಹಿಡಿದು ಉಜ್ಜಿದ್ದೇ ಆಯಿತು.

ಅವತ್ತಿನಿಂದ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ. ಬಣ್ಣ ಒಂದು ದರ್ಜೆ ಕಡಿಮೆಯದು ತಂದರೂ ಪರವಾಗಿಲ್ಲ, ರೋಲರ್ ಮತ್ತು ಬ್ರಷ್ ಒಳ್ಳೇದು ತನ್ನಿ.

ಗುಬ್ಬಿ ಹತ್ತಿರದ ನಮ್ಮಜ್ಜಿ ಊರಲ್ಲಿ ಸುಣ್ಣ ಬಳಿಯೋಕೆ ನಾರಿನ ಕುಂಚ ಇರುತ್ತಿತ್ತು. ಸುಣ್ಣ ನೀರಿನ ಹಾಗೆ ತೆಳು, ಅದನ್ನು ಹೀರಿ ಹಿಡಿದುಕೊಳ್ಳೋಕೆ ದಪ್ಪ ನಾರೇ ಬೇಕು. ಅಜ್ಜಿಗೆ ಅದು ಗೊತ್ತಿತ್ತು. ನಾವು ಮಾತ್ರ ಯಾವ ಬಣ್ಣಕ್ಕಾದರೂ ಕೈಗೆ ಸಿಕ್ಕಿದ ಬ್ರಷ್ ಹಿಡಿದು ನಿಲ್ಲುತ್ತೇವೆ, ಅಲ್ವಾ?

ಹಂದಿ ಕೂದಲಿನ ಬ್ರಷ್ ಆಯಿಲ್ ಪೇಂಟ್‌ಗೆ ಚೆನ್ನ. ಎಮಲ್ಷನ್ ನೀರಿನ ಬಣ್ಣ. ಆ ಕೂದಲು ನೀರು ಕುಡಿದು ಮೆತ್ತಗಾಗಿ, ಅರ್ಧ ಗಂಟೆಯಲ್ಲಿ ತುದಿ ಹರಡಿಕೊಂಡುಬಿಡುತ್ತೆ. ಆಮೇಲೆ ಸೀಲಿಂಗ್ ಅಂಚಲ್ಲಿ ಗೆರೆ ನೆಟ್ಟಗೆ ಬರೋದು ಕನಸು. ಎಮಲ್ಷನ್‌ಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಯ ಬ್ರಷ್ ಬೇಕು. ಮೂಲೆ, ಸ್ವಿಚ್ ಬೋರ್ಡ್ ಸುತ್ತ, ಕಿಟಕಿ ಪಕ್ಕಕ್ಕೆ 2 ಇಂಚಿನದು, ತುದಿ ಓರೆಯಾಗಿ ಕತ್ತರಿಸಿರೋದು ಸಿಕ್ಕರೆ ಇನ್ನೂ ಒಳ್ಳೇದು. ಅಂಗಡಿಯಲ್ಲೇ ಎಳೆಗಳನ್ನು ಅಂಗೈ ಮೇಲೆ ಒತ್ತಿ ಬಿಡಿ, ತಟ್ಟನೆ ನೆಟ್ಟಗಾಗಬೇಕು. ಮೆಲ್ಲಗೆ ಎಳೆದು ನೋಡಿ, ಒಂದೆರಡು ಬರಬಹುದು, ಕಟ್ಟುಗಟ್ಟಲೆ ಬಂದರೆ ವಾಪಸ್ ಇಟ್ಟುಬಿಡಿ.

ರೋಲರ್‌ನಲ್ಲಿ ನೋಡಬೇಕಾದ್ದು ನೂಲಿನ ಉದ್ದ. ಪುಟ್ಟಿ ಹಾಕಿ ನಯ ಮಾಡಿದ ಗೋಡೆಗೆ 10 ಮಿಲಿಮೀಟರ್ ಆಸುಪಾಸಿನದು ಸಾಕು. ಉದ್ದ ನೂಲಿನದು ಬಣ್ಣ ಜಾಸ್ತಿ ಹೊರುತ್ತೆ, ಆದರೆ ನಯವಾದ ಗೋಡೆ ಮೇಲೆ ಕಿತ್ತಳೆ ಸಿಪ್ಪೆ ಥರ ಉಬ್ಬು ಬಿಡುತ್ತೆ. ಒರಟು ಗೋಡೆಗೆ ಮಾತ್ರ ಅದು. ಹೊಸ ರೋಲರ್ ಆದರೆ ಮೊದಲು ಟೇಪ್ ಅಂಟಿಸಿ ಕಿತ್ತು, ಸಡಿಲ ನೂಲೆಲ್ಲ ತೆಗೆಯಿರಿ. ಇದೊಂದು ಕೆಲಸ ಮಾಡಿದ್ದರೆ ನಮ್ಮ ಅಗ್ಗದ ರೋಲರ್ ಕೂಡ ಅಷ್ಟು ಕೂದಲು ಬಿಡುತ್ತಿರಲಿಲ್ಲವೇನೋ.

ಟ್ರೇ, ಮಾಸ್ಕಿಂಗ್ ಟೇಪ್, ಹಳೇ ಪೇಪರ್, ಪುಟ್ಟಿ ಬ್ಲೇಡ್ ಎಲ್ಲ ಹೇಗೂ ತರುತ್ತೀರಿ. ರೋಲರ್‌ಗೆ ಸಿಕ್ಕಿಸೋ ಉದ್ದ ಕೋಲು ಮರೆಯಬೇಡಿ, ಸುಮ್ನೆ ಏಣಿ ಹತ್ತಿಳಿದು ಸೊಂಟ ಯಾಕೆ ನೋಯಿಸಿಕೊಳ್ಳುತ್ತೀರಿ?

ಇದನ್ನು ಮಾತ್ರ ದಯವಿಟ್ಟು ಗಮನ ಇಟ್ಟು ಓದಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಗೋಡೆ ಕೆಳಭಾಗಕ್ಕೆ ಆಯಿಲ್ ಪೇಂಟ್ ಹೊಡೆದಿರುತ್ತಾರೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೇ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು. ಒಣಗಿದ್ದನ್ನು ಹಾಗೇ ಉಜ್ಜಿದರೆ ಆ ಧೂಳು ಮಕ್ಕಳ ಮೂಗು, ಬಾಯಿಗೆ ಹೋಗುತ್ತೆ. ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜೋ ಎಮರಿ ಪೇಪರ್) ತಂದು ಗೋಡೆ ಒದ್ದೆ ಮಾಡಿಕೊಂಡೇ ಉಜ್ಜಿ, ಮುಖಕ್ಕೆ ಒಳ್ಳೆ ಮಾಸ್ಕ್ ಹಾಕಿ, ಮಕ್ಕಳನ್ನು ಅವತ್ತು ಪಕ್ಕದ ಮನೆಗೆ ಕಳಿಸಿ.

ಎರಡನೇ ಕೋಟ್‌ಗೆ ಮಂಡಿಪೇಟೆಗೆ ಹೋಗಿ ಹೊಸ ರೋಲರ್, ನೈಲಾನ್ ಬ್ರಷ್ ತಂದೆವು. ಕೆಲಸ ಮುಗಿದ ಕೂಡಲೇ, ಬಣ್ಣ ಒಣಗೋ ಮುಂಚೆ, ತಿಳಿ ನೀರು ಬರೋವರೆಗೂ ತಮ್ಮ ತೊಳೆದಿಟ್ಟ. ಆ ಬ್ರಷ್ ಇವತ್ತಿಗೂ ಮೆಟ್ಟಿಲ ಕೆಳಗೆ ಮೊಳೆಗೆ ನೇತಾಡುತ್ತಿದೆ, ತುದಿ ಹಾಗೇ ನೆಟ್ಟಗಿದೆ. ಈ ಸಲ ಅಮ್ಮನ ರೂಮಿಗೂ ಅದೇ.