ಕೋಸ್ಟರ್ ಪಕ್ಕದ ಲೋಟ

ಇವತ್ತು ಬೆಳಿಗ್ಗೆ ಟೀಪಾಯಿಯ ಮೇಲೆ ಮತ್ತೊಂದು ಕಾಫಿ ಉಂಗುರ ಮೂಡಿದೆ. ಗುಂಡಗೆ, ಅಚ್ಚು ಒತ್ತಿದ ಹಾಗೆ. ಅದರಿಂದ ಸರಿಯಾಗಿ ಎರಡು ಬೆರಳು ದೂರದಲ್ಲಿ ನಾನು ಕೈಯಾರೆ ಹೆಣೆದ ಕ್ರೋಶಾ ಕೋಸ್ಟರ್ ಕೂತಿದೆ. ಮದುವೆಮನೆಗೆ ಬಂದರೂ ಊಟಕ್ಕೆ ಏಳಿ ಅಂತ ಯಾರೂ ಕರೆಯದ ನೆಂಟನ ಹಾಗೆ.

ಇದು ನಮ್ಮ ಯಜಮಾನರ ಕೆಲಸ. ಸೋಮಾರಿತನದಿಂದ ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆದರೆ ಅವರು ಮಾಡುವುದು ಭಕ್ತಿಯಿಂದ! ಕಾಫಿ ಲೋಟ ಹಿಡಿದು ಬರುತ್ತಾರೆ. ಕೋಸ್ಟರನ್ನು ನೋಡುತ್ತಾರೆ. ಮಲಗಿದ ಮಗುವನ್ನು ಸರಿಸುವ ಹಾಗೆ ಎರಡು ಬೆರಳಲ್ಲಿ ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತಾರೆ. ಆಮೇಲೆ ಅದು ಇದ್ದ ಜಾಗದಲ್ಲೇ ಲೋಟ ಇಡುತ್ತಾರೆ.

"ರೀ, ಅದು ಇರೋದೇ ಲೋಟ ಇಡೋಕೆ."

"ಅಲ್ಲ ಕಣೇ, ಅಷ್ಟು ಕಷ್ಟಪಟ್ಟು ಹೆಣೆದಿದ್ದೀಯ. ಕಾಫಿ ಕಲೆ ಆಗಲ್ವಾ?"

"ಆಗಲಿ ಅಂತಲೇ ಹೆಣೆದದ್ದು!"

"ಟೀಪಾಯಿ ಆದರೆ ಒರೆಸಿಬಿಡಬಹುದು ನೋಡು."

ಒರೆಸುವವರು ಯಾರು ಅಂತ ಮಾತ್ರ ಅವರು ಹೇಳುವುದಿಲ್ಲ. ಅದೇ ಕೋಸ್ಟರಿನ ಮೇಲೆ ಕನ್ನಡಕ ಇಡುತ್ತಾರೆ, ರಿಮೋಟ್ ಇಡುತ್ತಾರೆ, ಬಿ.ಪಿ. ಮಾತ್ರೆ ಇಡುತ್ತಾರೆ. ಒಂದು ದಿನ ಬಿಡಿಸಿದ ಶೇಂಗಾ ಸಿಪ್ಪೆ ಕೂಡ ಇತ್ತು. ಲೋಟ ಮಾತ್ರ ಇಲ್ಲ.

ಆರು ಕೋಸ್ಟರ್ ಮುಗಿಸೋಕೆ ನನಗೆ 3 ವಾರ ಹಿಡಿಯಿತು. ನನ್ನ ಕೈಯಲ್ಲಿ ಕ್ರೋಶಾ ಕಡ್ಡಿ ಕಂಡವರೆಲ್ಲ "ಸೀರೆಗೆ ಕುಚ್ಚು ಹಾಕ್ತೀರಾ? ಒಂದಕ್ಕೆ ಎಷ್ಟು?" ಅಂತ ಕೇಳಿದರು. ಲೋಟದ ಕೆಳಗೆ ಇಡೋಕೆ ಅಂದಾಗ ಪಾಪ ಅನ್ನುವ ಹಾಗೆ ನೋಡಿದರು. ಗುಂಡಗೆ ಹೆಣೆಯುವುದಕ್ಕೆ ಒಂದು ಲೆಕ್ಕ ಇದೆ. ಮೊದಲ ಸುತ್ತಿಗೆ 12 ಕುಣಿಕೆ, ಎರಡನೆಯದಕ್ಕೆ 24, ಮೂರನೆಯದಕ್ಕೆ 36. ಕಡಿಮೆ ಹಾಕಿದರೆ ಅಂಚು ಮೇಲೆದ್ದು ಟೋಪಿ ಆಗುತ್ತದೆ. ಜಾಸ್ತಿ ಹಾಕಿದರೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುರುಟುತ್ತದೆ. ನಾನು ಎಣಿಸಲು ಕೂತಾಗಲೇ ಕುಕ್ಕರ್ ಕೂಗಬೇಕು. ಹದಿನೇಳು, ಹದಿನೆಂಟು, ಸುಂಯ್... ಅದನ್ನೂ ಸೇರಿಸಿ ಹತ್ತೊಂಬತ್ತು. ಬೇಳೆ ಗಂಜಿಯಾಯಿತು, ಮೊದಲನೆಯ ಕೋಸ್ಟರ್ ಟೋಪಿಯಾಯಿತು. ಅತ್ತೆ ಅದನ್ನು ದೇವರಮನೆಯ ಅಂಬೆಗಾಲು ಕೃಷ್ಣನಿಗೆ ತೊಡಿಸಿ, "ಅಳತೆ ಸರಿಯಾಗಿದೆ ಕಣಮ್ಮ" ಅಂದರು.

ಇನ್ನೊಂದು ಪೇಚು. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವ ಹೆಣಿಗೆ ಇಂಗ್ಲೆಂಡಿನವರಿಗೆ ಡಬಲ್. ಅವರ ಡಬಲ್ ಇವರಿಗೆ ಟ್ರೆಬಲ್. ನಾನೋ, ಪುಸ್ತಕ ಇವರದು, ವಿಡಿಯೋ ಅವರದು ಇಟ್ಟುಕೊಂಡು ಕೂತೆ. ಎರಡನೆಯ ಕೋಸ್ಟರ್ ಎಷ್ಟು ಅಗಲ ಆಯಿತೆಂದರೆ ಅದರ ಮೇಲೆ ದೋಸೆ ಹೆಂಚು ಇಡಬಹುದು.

ಮೂರನೆಯದನ್ನು ಸ್ವೆಟರಿನಲ್ಲಿ ಉಳಿದಿದ್ದ ದಾರದಲ್ಲಿ ಹೆಣೆದು, ನಾದಿನಿಯ ಮಾವ ಮನೆಗೆ ಬಂದಾಗ ಹೆಮ್ಮೆಯಿಂದ ಇಟ್ಟೆ. ಕೋಲ್ಡ್ ಜ್ಯೂಸ್. ಗಾಜಿನ ಲೋಟದ ತಳವೆಲ್ಲ ಬೆವೆತಿತ್ತು. ಅವರು ಲೋಟ ಎತ್ತಿದರೆ ಕೋಸ್ಟರೂ ಅಂಟಿಕೊಂಡು ಮೇಲೆದ್ದಿತು. ಬಾಯಿಯ ಹತ್ತಿರ ಹೋಗಿ, ಅಲ್ಲಿ ಮನಸ್ಸು ಬದಲಾಯಿಸಿ, ನೇರವಾಗಿ ಉಪ್ಪಿಟ್ಟಿನ ತಟ್ಟೆಗೆ ಬಿತ್ತು. ಅವರಿಗೆ ಕಣ್ಣು ಸ್ವಲ್ಪ ಮಂಜು. ತಟ್ಟೆ ನೋಡಿ ಕೈ ಅಡ್ಡ ಹಿಡಿದರು. "ಸಾಕಮ್ಮ, ಸಂಡಿಗೆ ಬೇಡ."

ಅವತ್ತಿಂದ ನೀರು ಹೀರುವ ಹತ್ತಿ ದಾರ ಬಿಟ್ಟು ಬೇರೆ ಮುಟ್ಟಿಲ್ಲ.

ಯಜಮಾನರು ಮೊನ್ನೆ ಫೋನ್ ತೋರಿಸಿ, "ಆರು ಕೋಸ್ಟರಿಗೆ 200 ರೂಪಾಯಿ, ಮನೆಗೇ ತಂದು ಕೊಡ್ತಾರೆ" ಅಂದರು. ನನಗೆ ಮೈ ಉರಿದುಹೋಯಿತು. ಕ್ರೋಶಾ ಕೈಯಲ್ಲೇ ಆಗಬೇಕು ರೀ, ಮೆಷಿನ್ ಮಾಡೋದು ಬರೀ ಅದರ ನಕಲು ಅಂದೆ. ಆಂಧ್ರದ ನರಸಾಪುರದ ಕಡೆ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ್ದನ್ನು ಹೆಂಗಸರು ಇವತ್ತಿಗೂ ಮನೆಯಲ್ಲಿ ಕೂತು ಹೆಣೆಯುತ್ತಾರೆ, ಅದು ಹೊರದೇಶಕ್ಕೆಲ್ಲ ಹೋಗುತ್ತದೆ, ಕೈಯಲ್ಲಿ ಹೆಣೆದದ್ದನ್ನು 200ಕ್ಕೆ ಮಾರಿದರೆ ಹೆಣೆದವಳಿಗೆ ಎಷ್ಟು ಉಳಿಯುತ್ತೆ ಹೇಳಿ ಅಂದೆ. ಅವರು ಪೇಪರ್ ಮಡಚಿ ಸ್ನಾನಕ್ಕೆ ಹೋದರು. ಲೋಟ ಅಲ್ಲೇ ಇತ್ತು. ಪಕ್ಕದಲ್ಲಿ.

ನನಗೆ ಕಡ್ಡಿ ಹಿಡಿಯಲು ಕಲಿಸಿದವಳು ಅಮ್ಮ. ನಮ್ಮ ಮನೆಯಲ್ಲಿ ರೇಡಿಯೋಗೆ ಕ್ರೋಶಾ ಹೊದಿಕೆ, ಟಿ.ವಿ.ಗೆ ಹೊದಿಕೆ, ಕುಡಿಯುವ ನೀರಿನ ಹೂಜಿಗೂ ಹೊದಿಕೆ. ಹೂಜಿಯದಕ್ಕೆ ಗಾಳಿಗೆ ಹಾರದಿರಲಿ ಅಂತ ಸುತ್ತಲೂ ಗಾಜಿನ ಮಣಿ ಕಟ್ಟಿದ್ದಳು. ರಾತ್ರಿ ನೀರು ಕುಡಿಯಲು ಎದ್ದರೆ ಮಣಿ ತಾಗಿ ಕಿಣಿ ಅನ್ನುತ್ತಿತ್ತು. ಕತ್ತಲಲ್ಲೇ ಅಮ್ಮನ ದನಿ: "ಯಾರದು? ಬಾಗಿಲ ಹತ್ತಿರ ಚಾಪೆ ಇದೆ, ಎಡವಬೇಡ." ಆ ಮುಚ್ಚಳ ಈಗ ಎಲ್ಲಿದೆಯೋ. ಮನೆ ಖಾಲಿ ಮಾಡುವಾಗ ಯಾರೂ ಅದರ ಕಡೆ ನೋಡಲಿಲ್ಲ, ನಾನೂ ಸೇರಿ.

ಇಷ್ಟು ಬರೆದು ಹಾಲಿಗೆ ಹೋದರೆ ಅತ್ತೆಯ ಕಾಫಿ ಟೀಪಾಯಿಯ ಮೇಲಿದೆ. ಕೋಸ್ಟರ್ ಲೋಟದ ಕೆಳಗಿಲ್ಲ. ಪಕ್ಕದಲ್ಲೂ ಇಲ್ಲ. ಲೋಟದ ಮೇಲೆ ಮುಚ್ಚಿದ್ದಾರೆ.

"ನೊಣ ಕೂರುತ್ತೆ ಕಣಮ್ಮ, ಅದಕ್ಕೇ ಮುಚ್ಚಿದೆ. ತುಂಬಾ ಅನುಕೂಲ. ಫ್ಯಾನಿಗೆ ಹಾರುತ್ತೆ ಅಷ್ಟೆ. ಸುತ್ತ ನಾಲ್ಕು ಮಣಿ ಕಟ್ಟಿಬಿಡು."

ಬೈಯಲು ಬಾಯಿ ತೆರೆದವಳು ಸುಮ್ನೆ ಒಳಗೆ ಹೋಗಿ ಕುಚ್ಚಿನ ಡಬ್ಬಿ ಹುಡುಕಿದೆ. ನೀಲಿ ಮಣಿ ಎಂಟು ಸಿಕ್ಕಿದವು. ಅಳತೆ ನೋಡೋಣ ಅಂತ ವಾಪಸ್ ಬಂದು ಅತ್ತೆಯ ಲೋಟ ಎತ್ತಿದೆ. ಕೆಳಗೆ ಇನ್ನೊಂದು ಉಂಗುರ.