ಗಾಡಿಗೆ ಉಸಿರು ಕಟ್ಟಿದೆಯಂತೆ

ಊಟ ಮುಗಿಸಿ, ಕವಳ ಹಾಕಿ, ಜಗುಲಿಯಲ್ಲಿ ಅಡ್ಡಾಗಿದ್ದೆ. ಅಂಗಳದಲ್ಲಿ ‘ಭೊರ್‍ರ್’ ಎಂದಿತು. ಹುಬ್ಬಳ್ಳಿಯ ಭಾವಮೈದ ಶಿರಸಿಗೆ ಬಂದಿದ್ದ. ಬಾನೆಟ್ ಎತ್ತಿಟ್ಟು, ಕಾರಿನ ಬಾಗಿಲಲ್ಲೇ ನಿಂತು ಎಕ್ಸಿಲರೇಟರ್ ಒತ್ತುತ್ತಿದ್ದ.

“ಭಾವ, ಸೌಂಡ್ ಹೆಂಗಿದ್ದು?”

ಇಂಜಿನ್ನಿಗೆ ಹೋಗುವ ಗಾಳಿಯ ಧೂಳು ಸೋಸುವ ಕಂಪನಿಯ ಕಪ್ಪು ಡಬ್ಬ ಕಿತ್ತು, ಕೆಂಪು ಕೋನ್ ಫಿಲ್ಟರ್ ಹಾಕಿಸಿದ್ದಾನೆ. ಗಾಡಿ ಈಗ ಫ್ರೀಯಾಗಿ ಉಸಿರಾಡುತ್ತದಂತೆ. ಇಷ್ಟು ದಿನ ಅದು ಉಸಿರು ಕಟ್ಟಿಕೊಂಡೇ ನಮ್ಮ ಮನೆಗೆ ಬರುತ್ತಿತ್ತು ಅಂತ ನನಗೇನು ಗೊತ್ತು?

ಏರ್ ಫಿಲ್ಟರ್ ಅಂದರೆ ನನಗೆ ನೆನಪಾಗುವುದು ದೊಡ್ಡಪ್ಪನ ಮಹೀಂದ್ರಾ ಜೀಪು. ಅದರಲ್ಲಿ ಕಾಗದದ ಫಿಲ್ಟರ್ ಇರಲಿಲ್ಲ, ಎಣ್ಣೆಯ ಬಟ್ಟಲಿತ್ತು. ಒಳಗೆ ಬಂದ ಗಾಳಿ ಎಣ್ಣೆಯ ಮೇಲೆ ಗಕ್ಕನೆ ತಿರುಗಬೇಕು. ಗಾಳಿ ತಿರುಗುತ್ತದೆ, ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ತಪ್ಪಿಸಿಕೊಂಡಿದ್ದನ್ನು ತಂತಿಯ ಜಾಲರಿ ಹಿಡಿಯುತ್ತದೆ. ಆ ಬಟ್ಟಲು ತೊಳೆಯುವುದೆಂದರೆ ದೊಡ್ಡಪ್ಪನಿಗೆ ಶ್ರಾದ್ಧದಷ್ಟೇ ಮಡಿಯ ಕೆಲಸ. ಯಾರೂ ಮುಟ್ಟುವಂತಿಲ್ಲ. ಅಂಗಳದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಅಡಿಕೆ ಹಾಳೆಯ ತುಂಡಿನಿಂದ ತಳದ ಕೆಸರು ಕೆರೆಯುತ್ತಿದ್ದ. ಕೆಸರು ನೋಡಿಯೇ ಯಾವ ರಸ್ತೆಯ ಧೂಳು ಎಂದು ಹೇಳುತ್ತಿದ್ದ. ಇದು ತೋಟದ ದಾರಿಯದು, ಇದು ಪೇಟೆಯದು. ಎಲ್ಲಾ ಒಂದೇ ಕಪ್ಪು ಎಂದು ದೊಡ್ಡಮ್ಮ ಗೊಣಗಿದರೆ, ನಿನಗೆ ಕಣ್ಣಿಲ್ಲ ಎನ್ನುತ್ತಿದ್ದ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ನೆಂಟರನ್ನೆಲ್ಲ ತುಂಬಿಕೊಂಡು ಓಡಾಡಿದ ಮೇಲಂತೂ ಬಟ್ಟಲನ್ನು ಬಂದವರಿಗೆಲ್ಲ ತೋರಿಸಿಯೇ ತೊಳೆಯಬೇಕು. ಕೊಳೆ ಎಣ್ಣೆಯನ್ನೂ ಚೆಲ್ಲುತ್ತಿರಲಿಲ್ಲ. ಗೆದ್ದಲು ಹಿಡಿಯಬಾರದೆಂದು ಬೇಲಿ ಗೂಟಕ್ಕೆ ಬಳಿಯುತ್ತಿದ್ದ. ಜೀಪು ಘಾಟಿ ಹತ್ತುವಾಗ ನಾವು ಇಳಿದು ನಡೆದರೂ ಆಗುತ್ತಿತ್ತು. ಅದಕ್ಕೆ ಉಸಿರಾಟದ ತೊಂದರೆ ಇದೆ ಎಂದು ಯಾರೂ ಹೇಳಲಿಲ್ಲ.

ಭಾವಮೈದನ ಫಿಲ್ಟರಿಗೂ ಎಣ್ಣೆ ಹಚ್ಚಬೇಕಂತೆ! ಹತ್ತಿ ಬಟ್ಟೆಯದು. ಜಾಸ್ತಿ ಹಚ್ಚಿದರೆ ಗಾಳಿ ಅಳೆಯುವ ಸೆನ್ಸರಿಗೆ ಅಂಟಿ ಅದರ ಲೆಕ್ಕ ಕೆಡುತ್ತದೆ. ಪವರ್ ಮಾತ್ರ ಜಾಸ್ತಿಯಾಗಿದೆ ಎನ್ನುತ್ತಾನೆ. ಎಲ್ಲಿಂದ ಬರಬೇಕು? ಹಳೇ ಡಬ್ಬ ಗ್ರಿಲ್ಲಿನ ಹತ್ತಿರ ಹೊರಗಿನ ಗಾಳಿ ಎಳೆಯುತ್ತಿತ್ತು. ಈ ಕೋನು ಬಾನೆಟ್ಟಿನೊಳಗೆ ಬತ್ತಲೆ ನಿಂತು ಇಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕವೂ ಕಡಿಮೆ. ಪವರ್ ಬಂತು ಅಂತಲೇ ಇಟ್ಟುಕೊಳ್ಳೋಣ. ದೇವಿಮನೆ ಘಾಟಿಯಲ್ಲಿ ಮುಂದೊಂದು ಲಾರಿ ಇದ್ದರೆ ಅದನ್ನೇನು ಮಾಡುತ್ತಾನೆ?

ಬಿಸಿ ಗಾಳಿಯ ಮಾತು ಎತ್ತಿದ್ದೇ ತಪ್ಪಾಯಿತು. ಹಾಗಾದರೆ ಗಾಳಿ ಎಳೆಯುವ ಪೈಪನ್ನು ಬಂಪರಿನ ಕೆಳಗೆ ಇಳಿಸುತ್ತೇನೆ ಎಂದ. ಜುಲೈಯಲ್ಲಿ ಕುಮಟಾ ಕಡೆಯಿಂದ ಕಾರವಾರಕ್ಕೆ ಹೋಗುವಾಗ ರಸ್ತೆ ಮೇಲೆ ನೀರು ನಿಂತಿದ್ದರೆ ಆ ಪೈಪು ಏನು ಎಳೆಯುತ್ತದೆ ಅಂತ ಕೇಳಿದೆ. ನೀರನ್ನು ಗಾಳಿಯ ಹಾಗೆ ಅದುಮಲಾಗುವುದಿಲ್ಲ. ಬಾಗುವುದು ಇಂಜಿನ್ನಿನೊಳಗೆ ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡೇ. ಅವನು ಅಷ್ಟರಲ್ಲಿ ಮತ್ತೆ ‘ಭೊರ್‍ರ್’ ಅನ್ನಿಸಿದ್ದ.

ಈ ಉಸಿರಿನ ವಿಷಯದಲ್ಲಿ ನಾನು ಒಂದು ದೊಡ್ಡ ಮಾತು ಹೇಳುವವನಿದ್ದೆ. ಗದ್ದಲದಲ್ಲಿ ಮರೆತೇ ಹೋಯಿತು.

ಕಿತ್ತ ಡಬ್ಬವನ್ನು ಅವನು ನಮ್ಮ ಅಟ್ಟದಲ್ಲೇ ಇಟ್ಟು ಹೋಗಿದ್ದಾನೆ. ಸರ್ವಿಸಿಗೆ ಬಿಡುವ ಮೊದಲು ವಾಪಸ್ ಕೂರಿಸಬೇಕಂತೆ, ಇಲ್ಲದಿದ್ದರೆ ವಾರಂಟಿ ತಕರಾರು. ಹುಬ್ಬಳ್ಳಿಯ ಮನೆಯಲ್ಲಿ ಜಾಗ ಇಲ್ಲವಂತೆ. ನನ್ನ ಹೆಂಡತಿ ತಮ್ಮನಿಗೋಸ್ಕರ ಹಲಸಿನ ಹಪ್ಪಳದ ಡಬ್ಬಿಗಳನ್ನೆಲ್ಲ ಸರಿಸಿ ಜಾಗ ಮಾಡಿಕೊಟ್ಟಳು. ಅಟ್ಟದಲ್ಲಿ ಇಲಿಕಾಟ ಜಾಸ್ತಿ ಎಂದು ನಾನಾಗಿ ಹೇಳಲು ಹೋಗಲಿಲ್ಲ.