ಗಾಯ ಆದವನು ಮಾತಾಡಬೇಕು, ಮೇಸ್ತ್ರಿ ಅಲ್ಲ

ಅಲ್ರೀ, ಕೈಗೆ ಪೆಟ್ಟಾದವನು ಹಾಸಿಗೆ ಮೇಲೆ ಎಚ್ಚರವಾಗಿಯೇ ಇದ್ದಾನೆ. ಏನಾಯಿತು ಅಂತ ಅವನಿಗೆ ಗೊತ್ತು. ಬಾಯಿಬಿಟ್ಟು ಹೇಳುತ್ತಲೂ ಇದ್ದಾನೆ. ಆದರೆ ಡಾಕ್ಟರು ಕೇಳುವುದು ಪಕ್ಕದಲ್ಲಿ ನಿಂತ ಮೇಸ್ತ್ರಿಯನ್ನು. ಯಾಕೆ? ಮೇಸ್ತ್ರಿಗೆ ಕನ್ನಡ ಬರುತ್ತದೆ, ಇವನಿಗೆ ಬರುವುದಿಲ್ಲ. ಕಾರಣ ಇಷ್ಟೇ.

ದಾವಣಗೆರೆಯಲ್ಲಿ ಒಂದು ಆಸ್ಪತ್ರೆಯ ಎದುರು ನನ್ನ ಮೆಡಿಕಲ್ ಶಾಪ್ ಇದೆ. ಸೊಲ್ಲಾಪುರದಲ್ಲಿ ದುಡಿದು ಬಂದವನು, ಹಿಂದಿ ಚೆನ್ನಾಗಿ ಬರುತ್ತದೆ. ಬಿಹಾರ, ಒಡಿಶಾ ಕಡೆಯ ಹುಡುಗರು ಬಂದಾಗ ಒಮ್ಮೊಮ್ಮೆ ವಾರ್ಡ್ ಬಾಯ್ ಓಡಿ ಬರುತ್ತಾನೆ. "ಅಣ್ಣಾ, ಸ್ವಲ್ಪ ಬಾ, ಇವನು ಏನು ಹೇಳ್ತಾನೋ ತಿಳೀತಿಲ್ಲ" ಅನ್ನುತ್ತಾನೆ. ಹೋಗುತ್ತೇನೆ. ಕರೆದಿದ್ದಕ್ಕೆ ನನಗೆ ಬೇಜಾರಿಲ್ಲ. ಕರೆಯದೇ ಇದ್ದಾಗ ನಡೆಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಈಚೆಗೆ ರೈಸ್ ಮಿಲ್ಲಿನ ಒಬ್ಬ ಹುಡುಗನ ಬಲಗೈ ಧಾನ್ಯ ಮೇಲೆತ್ತುವ ಎಲಿವೇಟರ್ ಬೆಲ್ಟಿಗೆ ಸಿಕ್ಕಿ ಹೆಬ್ಬೆರಳು ಹೋಯಿತು. ಕರೆತಂದ ಮೇಸ್ತ್ರಿ ಕ್ಯಾಷುವಾಲ್ಟಿಯಲ್ಲಿ ಬರೆಸಿದ್ದು ಏನು ಗೊತ್ತಾ? ರೂಮಿನ ಹತ್ತಿರ ಬೈಕಿನ ಚೈನಿಗೆ ಕೈ ಕೊಟ್ಟುಕೊಂಡ ಅಂತ! ಸಂಜೆ ಅವನ ಜೊತೆಗಾರ ಮಾತ್ರೆ ಚೀಟಿ ಹಿಡಿದು ಅಂಗಡಿಗೆ ಬಂದ. ಅವನ ಬಾಯಲ್ಲಿ ನಿಜ ಗೊತ್ತಾಯಿತು. ನಾನು ವಾರ್ಡಿಗೆ ಹೋಗಿ ಹುಡುಗನನ್ನೇ ಕೇಳಿದೆ. ಮಿಷನ್ನು ನಿಲ್ಲಿಸದೆ ಬೆಲ್ಟ್ ಸರಿಮಾಡು ಅಂದಿದ್ದರಂತೆ. ಡ್ಯೂಟಿಯಲ್ಲಿದ್ದ ಡಾಕ್ಟರಿಗೆ ಹೇಳಿದರೆ, "ಬರೆದಾಗಿದೆ, ಈಗ ಬದಲಾಯಿಸೋಕೆ ಬರಲ್ಲ" ಅಂದರು. ಹೊಸದಾಗಿ ಇವನ ಹೇಳಿಕೆ ಅಂತ ಕೆಳಗೆ ಎರಡು ಸಾಲು ಸೇರಿಸಿ ಅಂದೆ. ನೀವು ಯಾರು ಅಂತ ನನ್ನನ್ನೇ ಕೇಳಿದರು. ಮೇಸ್ತ್ರಿಯನ್ನು ಮಾತ್ರ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಆ ಒಂದು ಸಾಲು ಎಷ್ಟು ದೊಡ್ಡದು ಅಂತ ತುಂಬಾ ಜನರಿಗೆ ಗೊತ್ತಿಲ್ಲ. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಕೊಡಬೇಕು ಅಂತ ಈ ದೇಶದಲ್ಲಿ 1923ರಲ್ಲೇ ಕಾನೂನು ಬಂತು, 2025ರಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಬ್ಬೆರಳು ಪೂರ್ತಿ ಹೋದರೆ ಗಳಿಸುವ ಶಕ್ತಿಯಲ್ಲಿ ನೂರಕ್ಕೆ 30 ಭಾಗ ಹೋಯಿತು ಅಂತ ಅದರ ಪಟ್ಟಿಯಲ್ಲೇ ಇದೆ. ಒಂದು ಕೈಯ ನಾಲ್ಕು ಬೆರಳು ಹೋದರೆ 50. ಗುತ್ತಿಗೆದಾರನ ಕೆಳಗೆ ದುಡಿದವನಾದರೂ ಮಿಲ್ಲಿನ ಮಾಲೀಕನಿಂದಲೇ ಪರಿಹಾರ ಕೇಳಬಹುದು. ಆದರೆ ಪೆಟ್ಟು ಕೆಲಸದಿಂದ, ಕೆಲಸದ ವೇಳೆಯಲ್ಲಿ ಆಗಿದ್ದು ಅಂತ ತೋರಿಸಬೇಕು. ತೋರಿಸಲು ಮೊದಲು ಬೇಕಾಗುವ ಕಾಗದ ಯಾವುದು? ಆಸ್ಪತ್ರೆಯದು. ಅದರಲ್ಲಿ ಬೈಕಿನ ಚೈನು ಅಂತಿದ್ದರೆ ಮುಂದೆ ವಕೀಲರು ಏನು ಅಂತ ವಾದ ಮಾಡಬೇಕು?

ಮೇಸ್ತ್ರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಮಿಷನ್ನಿಗೆ ಸಿಕ್ಕಿದ್ದು ಅಂದರೆ ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ಗಾಯದ ಕೇಸು ಆಗುತ್ತದೆ, ಪೊಲೀಸರಿಗೆ ಮಾಹಿತಿ ಹೋಗುತ್ತದೆ, ಸಾಹುಕಾರರಿಗೆ ತೊಂದರೆ. ಅವನ ಅನ್ನ ಇರುವುದು ಸಾಹುಕಾರರ ಕೈಯಲ್ಲಿ. ಅಂಥವನನ್ನು ಗಾಯಾಳುವಿನ ಬಾಯಿ ಅಂತ ಒಪ್ಪಿಕೊಳ್ಳುವುದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಪರಿಹಾರದ ಮಾತು ಬಿಡಿ, ಜೀವದ ಮಾತೂ ಇದೆ. ಯಾವುದಾದರೂ ಔಷಧಿ ಅಲರ್ಜಿ ಆಗಿತ್ತಾ, ಫಿಟ್ಸ್ ಇದೆಯಾ, ಊಟ ಮಾಡಿ ಎಷ್ಟು ಹೊತ್ತಾಯಿತು ಅಂತ ಆಪರೇಷನ್‌ಗೆ ಮೊದಲು ಕೇಳುತ್ತಾರೆ. ಹುಡುಗನ ಕಡೆ ತಿರುಗಿಯೂ ನೋಡದೆ "ಏನೂ ಇಲ್ಲ ಸಾರ್" ಅಂತ ಮೇಸ್ತ್ರಿ ಹೇಳಿಬಿಡುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಔಷಧಿ ಮಾರುವವನು ನಾನು. ಪೆನ್ಸಿಲಿನ್ ಆಗದವನಿಗೆ ಅದನ್ನು ಕೊಟ್ಟರೆ ಜೀವವೇ ಹೋಗಬಹುದು. ಆಗ ಮೇಸ್ತ್ರಿ ಬಂದು ಉತ್ತರ ಕೊಡುತ್ತಾನಾ?

ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೂ ಮೇಸ್ತ್ರಿಯದೇ ಸಹಿ. ಅರಿವಳಿಕೆಯಲ್ಲಿದ್ದ ಹೆಣ್ಣುಮಗಳ ಪರವಾಗಿ ಅವಳ ತಾಯಿ ಕೊಟ್ಟ ಒಪ್ಪಿಗೆಯೂ ನಡೆಯುವುದಿಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಜೀವಕ್ಕೆ ತುರ್ತು ಇರಲಿಲ್ಲ, ಎಚ್ಚರವಾದ ಮೇಲೆ ಅವಳನ್ನೇ ಕೇಳಬಹುದಿತ್ತು. ಹೆತ್ತ ತಾಯಿಯ ಒಪ್ಪಿಗೆಯೇ ನಡೆಯದ ಮೇಲೆ, ಎಚ್ಚರವಾಗಿ ಕಣ್ಣುಬಿಟ್ಟು ಮಲಗಿದವನ ಪರವಾಗಿ ಮೇಸ್ತ್ರಿಯ ಒಪ್ಪಿಗೆ ಹೇಗೆ ನಡೆಯುತ್ತದೆ?

ಹೊರರಾಜ್ಯದವರದ್ದಷ್ಟೇ ಅಲ್ಲ ಈ ಗೋಳು. ನ್ಯಾಮತಿ ಕಡೆಯ ತಾಂಡಾಗಳಿಂದ ಬರುವ ಕೆಲವು ಮುದುಕಿಯರಿಗೆ ಲಂಬಾಣಿಯಲ್ಲಿ ಹೇಳಿದಷ್ಟು ಸಲೀಸಾಗಿ ಕನ್ನಡದಲ್ಲಿ ಹೇಳಲು ಬರುವುದಿಲ್ಲ. ಜೊತೆಗೆ ಬಂದ ಶಾಲೆ ಹುಡುಗನನ್ನೇ ಮುಂದೆ ನಿಲ್ಲಿಸುತ್ತಾರೆ. ಅಜ್ಜಿಯ ಮುಟ್ಟಿನ ಜಾಗದ ತೊಂದರೆಯನ್ನು ಮೊಮ್ಮಗ ಕೇಳಿ ಡಾಕ್ಟರಿಗೆ ಹೇಳಬೇಕು. ಆ ಅಜ್ಜಿ ಹೇಳುತ್ತಾಳಾ? ಹೊಟ್ಟೆನೋವು ಅಂದು ಸುಮ್ನೆ ಎದ್ದು ಬರುತ್ತಾಳೆ.

ಡಾಕ್ಟರಿಗೆ ಪುರುಸೊತ್ತಿಲ್ಲ, ಹೊರಗೆ ಸಾಲು ನಿಂತಿರುತ್ತದೆ. ಒಪ್ಪುತ್ತೇನೆ. ಅದಕ್ಕೇ ಅಲ್ವಾ ದುಭಾಷಿ ಅಂತ ಒಂದು ಕೆಲಸವೇ ಇರುವುದು? ಕೇಳಿದ್ದನ್ನು ಕೇಳಿದ ಹಾಗೇ ಹೇಳಬೇಕು. ಸೇರಿಸಬಾರದು, ಬಿಡಬಾರದು, ಹೊರಗೆ ಬಾಯಿಬಿಡಬಾರದು, ಯಾರ ಕಡೆಯವನೂ ಆಗಿರಬಾರದು. ಆಸ್ಟ್ರೇಲಿಯಾದಲ್ಲಿ 1973ರಿಂದಲೇ ಫೋನಿನಲ್ಲಿ ದುಭಾಷಿ ಸಿಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ಗಾಯಕ್ಕೆ ಚಿಕಿತ್ಸೆ ಪಡೆಯುವವನಿಗೆ ಇಂಗ್ಲಿಷ್ ಬರದಿದ್ದರೆ ಅರ್ಹ ದುಭಾಷಿ ಬೇಕು ಅನ್ನುವ ಹಕ್ಕಿದೆ, ಖರ್ಚು ಮಾಲೀಕನ ಕಡೆಯವರದು. ಅಷ್ಟು ದೂರ ಯಾಕೆ, ನಮ್ಮ ಕೋರ್ಟಿನಲ್ಲಿ ಸಾಕ್ಷಿಯ ಮಾತನ್ನು ಇನ್ನೊಂದು ಭಾಷೆಗೆ ಹೇಳುವವನು ಪ್ರಮಾಣ ಮಾಡಬೇಕು ಅಂತ 1969ರ ಕಾಯ್ದೆಯಲ್ಲೇ ಇದೆ. ಕೋರ್ಟಿಗೆ ಬೇಕಾದ ಪ್ರಮಾಣ ಆಸ್ಪತ್ರೆಗೆ ಯಾಕೆ ಬೇಡ? ಕೋರ್ಟಿಗೆ ಹೋಗುವ ಕಾಗದ ಹುಟ್ಟುವುದೇ ಇಲ್ಲಿ.

ಹಿಂದಿ, ಉರ್ದು, ಲಂಬಾಣಿ, ತೆಲುಗು ಬಲ್ಲ ಓದಿದ ಹುಡುಗ ಹುಡುಗಿಯರು ನಮ್ಮ ದಾವಣಗೆರೆ, ಚಿತ್ರದುರ್ಗದಲ್ಲಿ ಬೇಕಾದಷ್ಟಿದ್ದಾರೆ. ಕೆಲಸ ಸಿಗದೆ ಕೂತವರೂ ಇದ್ದಾರೆ. ತರಬೇತಿ ಕೊಟ್ಟು, ಸಂಬಳ ಕೊಟ್ಟು ಕೂರಿಸಿ. ಅದು ಆಗುವವರೆಗೆ ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯಿರಿ ಸಾಕು: ಗಾಯಾಳುವಿನ ಮಾತನ್ನು ತಿಳಿಸಿದವರು ಯಾರು, ಅವರಿಗೂ ಇವನಿಗೂ ಏನು ಸಂಬಂಧ. ಕೆಳಗೆ ಅವರ ಸಹಿ ಹಾಕಿಸಿ. ತನ್ನ ಹೆಸರು, ಫೋನ್ ನಂಬರ್ ಕಾಗದದ ಮೇಲೆ ಉಳಿಯುತ್ತದೆ ಅಂತ ಗೊತ್ತಾದರೆ ಯಾವ ಮೇಸ್ತ್ರಿಯೂ ಅಷ್ಟು ಸಲೀಸಾಗಿ ಬೈಕಿನ ಚೈನು ಅನ್ನುವುದಿಲ್ಲ.